ಮೂಲ: ತ್ಯಾಜ್ಯ ನೀರು

ಜೂನ್ ೯

ಅಪ್ಪಾ,

ನೀನು ಕಳಿಸಿದ ಎರಡು ನೀಲಿ ಶಾಲುಗಳು ತಲುಪಿದವು. ಒಂದನ್ನು ನಾನು ಹೊದ್ದೆ, ಇನ್ನೊಂದನ್ನು ನಮ್ಮ ಟೀಮಿನ ಕ್ಯಾಪ್ಟನ್ ಕೇಳದೆಯೇ ಎತ್ತಿಕೊಂಡ. ಲ್ಯಾಬಿನಲ್ಲಿ ಅಷ್ಟು ಚಳಿ. ಬಣ್ಣದಂಗಡಿಯವನ ಮಗಳು ಅಂದರೆ ಎಲ್ಲರಿಗೂ ಬಿಟ್ಟಿ ಬಟ್ಟೆ ಅಂದುಕೊಂಡಿದ್ದಾನೆ.

ಒಂದು ಸುದ್ದಿ ಇದೆ, ಒಂದು ಬೇಡಿಕೆ ಇದೆ. ಸುದ್ದಿ ಮೊದಲು: ನಾನು ಟೀಮಿಗೆ ಆಯ್ಕೆಯಾದೆ. ಎಂಟು ಜನ. ಜೀವಾಣುಗಳ ಒಳಗಿನ ಜೀನ್‌ಗಳನ್ನು ತೆಗೆದು, ಕೂಡಿಸಿ, ಅವುಗಳಿಂದ ಹೊಸ ಕೆಲಸ ಮಾಡಿಸುವುದು ನಮ್ಮ ವಿದ್ಯೆ. ಪ್ರತಿವರ್ಷ ನೂರಾರು ವಿದ್ಯಾರ್ಥಿ ತಂಡಗಳು ಒಂದು ದೊಡ್ಡ ಸಮ್ಮೇಳನದಲ್ಲಿ ಸೇರಿ ತಾವು ಮಾಡಿದ್ದನ್ನು ಒಬ್ಬರಿಗೊಬ್ಬರು ತೋರಿಸುತ್ತವೆ, ತೀರ್ಪುಗಾರರು ನೋಡಿ ಪದಕ ಕೊಡುತ್ತಾರೆ. ಈ ಸಲ ಅದು ಅಕ್ಟೋಬರಿನಲ್ಲಿ. ತೋರಿಸುವುದಕ್ಕೆ ಏನಾದರೂ ಇರಬೇಕಲ್ಲ? ಮೂರು ವಾರ ಬರೀ ಜಗಳವಾಯಿತು. ಕೊನೆಗೆ ನಾನು ಶಾಲನ್ನು ಮೇಜಿನ ಮೇಲೆ ಹಾಸಿ, "ಇದು ಹೇಗೆ ನೀಲಿ ಆಯ್ತು ಅಂತ ಯಾರಿಗಾದ್ರೂ ಗೊತ್ತಾ?" ಅಂದೆ. ಯಾರಿಗೂ ಗೊತ್ತಿರಲಿಲ್ಲ.

ಹೇಳಿದೆ. ನೀಲಿ ಬಣ್ಣ ನೀರಿನಲ್ಲಿ ಕರಗುವುದಿಲ್ಲ, ದೊಡ್ಡ ಕಾರ್ಖಾನೆಗಳು ಅದನ್ನು ಕರಗಿಸಲು ಘಾಟು ಔಷಧ ಸುರಿಯುತ್ತವೆ, ಬಟ್ಟೆಗೆ ಬಣ್ಣ ಅದ್ದುವ ನಮ್ಮ ಮನೆಯ ಬಾನಿಯಲ್ಲಿ ಮಾತ್ರ ಅದೇ ಕೆಲಸವನ್ನು ಕಣ್ಣಿಗೆ ಕಾಣದ ಜೀವಿಗಳು ತೌಡು ತಿಂದುಕೊಂಡು ಸದ್ದಿಲ್ಲದೆ ಮಾಡುತ್ತವೆ ಅಂದೆ. ನಮ್ಮ ಗೈಡ್ ಮೇಡಂ ಕನ್ನಡಕ ತೆಗೆದು, "ಆ ಬಾನಿ ಎಲ್ಲಿದೆ?" ಅಂದರು. ಆ ಜೀವಿಗಳ ಜೀನ್ ತೆಗೆದು ಲ್ಯಾಬಿನ ಜೀವಾಣುವಿಗೆ ಹಾಕಬೇಕು ಅನ್ನುವುದು ಈಗ ನಮ್ಮ ಯೋಜನೆ.

ಬೇಡಿಕೆ ಅರ್ಥವಾಗಿರಬೇಕು. ಒಂದು ಬಾಟಲಿ ಬಾನಿಯ ನೀರು ಬೇಕು. ಬಾಟಲಿಯನ್ನು ಕುದಿಸಿ ತಣಿಸು, ಒಳಗೆ ಗಾಳಿ ಉಳಿಯದ ಹಾಗೆ ಕತ್ತಿನವರೆಗೆ ತುಂಬು. ಫೋನಿನಲ್ಲಿ ಹೇಳಿದ್ದರೆ ಐದು ನಿಮಿಷದ ಕೆಲಸ. ನಿನ್ನ ಕಿವಿಯ ದೆಸೆಯಿಂದ ನನ್ನ ಅಕ್ಷರ ಸುಧಾರಿಸಿತು, ಅಷ್ಟೇ ಲಾಭ.

ನಿನ್ನ,
ತರಲೆ


ಜೂನ್ ೨೦

ತರಲೆ ಮಗಳೇ,

ಬಾಟಲಿ ಇದರ ಜೊತೆಗಿದೆ. ಕುದಿಸಿದೆ, ತಣಿಸಿದೆ, ಕತ್ತಿನವರೆಗೆ ತುಂಬಿದೆ, ಮುಚ್ಚಳದ ಸುತ್ತ ಮೇಣ ಹಾಕಿದೆ. ಕೊರಿಯರ್ ಅಂಗಡಿಯವನು ಮೂಸಿ ನೋಡಿ ಮುಖ ಸಿಂಡರಿಸಿದ. "ಏನ್ ಯಜಮಾನ್ರೇ, ಒಳಗೆ ಏನಾದ್ರೂ ಸತ್ತಿದ್ಯಾ?" ಅಂದ. ಅವನ ತುಟಿ ದಪ್ಪ, ಓದುವುದು ಸುಲಭ. "ಇಲ್ಲ ಕಣಪ್ಪಾ, ಬದುಕಿರೋದೇ ಇದೆ" ಅಂದೆ. ಎರಡು ಬೆರಳಲ್ಲಿ ಹಿಡಿದು ಪೆಟ್ಟಿಗೆಗೆ ಹಾಕಿದ.

ಕೊಡಲೋ ಬೇಡವೋ ಎಂದು ನಾಲ್ಕು ದಿನ ಯೋಚಿಸಿದೆ, ಸುಳ್ಳು ಹೇಳುವುದಿಲ್ಲ. ನಿನಗೆ ಅವಳು ಬಾನಿ. ನಿಮ್ಮಮ್ಮನಿಗೆ ಅವಳು ದೊಡ್ಡೋಳು. ಮದುವೆಯಾಗಿ ಐದು ವರ್ಷ ಮಕ್ಕಳಿಲ್ಲವೆಂದು ಜನ ಆಡಿಕೊಳ್ಳುತ್ತಿದ್ದಾಗ ನಿಮ್ಮಮ್ಮ ಹಾಕಿದ ಬಾನಿ ಅದು. ಬೂದಿಯ ತಿಳಿನೀರು, ನೀಲಿ, ಒಂದು ಹಿಡಿ ತೌಡು. ಹದಿನೆಂಟನೆಯ ದಿನ ಮೇಲೆ ತಾಮ್ರದ ಬಣ್ಣದ ನೊರೆ ಎದ್ದಿತು. ನಾವು ಅದಕ್ಕೆ ಹೂ ಅನ್ನುವುದು ನಿನಗೆ ಗೊತ್ತೇ ಇದೆ. "ನನ್ನ ದೊಡ್ಡ ಮಗಳು ಹೂ ಮುಡಿದಳು" ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಳು ಮಹಾರಾಯ್ತಿ. ಎರಡು ವರ್ಷದ ಮೇಲೆ ನೀನು ಹುಟ್ಟಿದೆ. ಆದರೂ ನೀನು ಚಿಕ್ಕೋಳೇ. ಹೋಗುವಾಗಲೂ ಅವಳು ಹೇಳಿದ್ದು ಅದೇ: "ಚಿಕ್ಕೋಳು ಹೇಗೂ ಓದ್ಕೋತಾಳೆ. ದೊಡ್ಡೋಳ್ನ ನೀವು ನೋಡ್ಕೊಳ್ಳಿ, ಅದಕ್ಕೆ ಬಾಯಿಲ್ಲ."

ಆರು ವರ್ಷವಾಯಿತು, ಒಂದು ದಿನವೂ ಬಿಟ್ಟಿಲ್ಲ.

ಒಂದು ಮಾತು. ಎಲ್ಲವನ್ನೂ ಖರ್ಚು ಮಾಡಬೇಡ. ಸ್ವಲ್ಪ ಎಲ್ಲಾದರೂ ಭದ್ರವಾಗಿ ಇಡು. ಇಲ್ಲಿ ಏನಾದರೂ ಆದರೆ ಅಲ್ಲೊಂದಿಷ್ಟು ಇರುತ್ತದೆ. ಬಾಟಲಿಯ ಮೇಲೆ ಯಾರ ಮನೆಯದು ಅಂತ ಬರಿ. ನಿಮ್ಮಲ್ಲಿ ಬಾಟಲಿಗಳು ಬಹಳ ಇರುತ್ತವಂತೆ.

ಹೊಟ್ಟೆಗೆ ಸರಿಯಾಗಿ ತಿನ್ನು.

ಅಪ್ಪ


ಆಗಸ್ಟ್ ೨೪

ಅಪ್ಪಾ,

ಬಂತು! ಮೊನ್ನೆ ಮಧ್ಯಾಹ್ನ ಬಂತು. ನಲವತ್ತಮೂರು ಸಲ ಸೋತಿದ್ದೆವು. ಈ ಸಲ ಕೊಳವೆಯೊಳಗಿನ ನೀಲಿ ಕಣ್ಣೆದುರೇ ಹಸಿರು-ಹಳದಿಗೆ ತಿರುಗಿ ಕರಗಿತು. ನಾನು ಒಂದು ತುಂಡು ಬಟ್ಟೆ ಅದ್ದಿ ಎತ್ತಿದೆ. ಗಾಳಿ ತಾಗಿದ್ದೇ ತಡ, ಹಸಿರು ಹೋಗಿ ನೀಲಿ ಏರತೊಡಗಿತು. ನಾನು ಹುಟ್ಟಿದಾಗಿನಿಂದ ನೋಡಿದ್ದನ್ನೇ ಉಳಿದ ಏಳು ಜನ ಬಾಯಿ ಬಿಟ್ಟುಕೊಂಡು ನೋಡಿದರು. ಮೇಡಂ ಆ ತುಂಡನ್ನು ತಮ್ಮ ಪುಸ್ತಕದೊಳಗೆ ಇಟ್ಟುಕೊಂಡರು.

ನಿನ್ನ ಬಾಟಲಿಯಲ್ಲಿ ಅರ್ಧ ಬಳಸಿದೆವು. ಉಳಿದರ್ಧ ಪುಟ್ಟ ಕೊಳವೆಗಳಲ್ಲಿ, ಸೊನ್ನೆಗಿಂತ ಎಂಬತ್ತು ಡಿಗ್ರಿ ಕೆಳಗಿನ ಪೆಟ್ಟಿಗೆಯಲ್ಲಿ ಭದ್ರವಾಗಿದೆ. ಅಲ್ಲಿ ಇಟ್ಟಿದ್ದು ನೂರು ವರ್ಷ ಇರುತ್ತದೆ, ಚಿಂತೆ ಬಿಡು.

ಇನ್ನೊಂದು ಜಂಬದ ವಿಷಯ. ನಾವು ತಯಾರಿಸಿದ ಜೀವಾಣು ಹೊರಗೆ ತಪ್ಪಿಸಿಕೊಂಡು ಹೋಗಬಾರದಲ್ಲ, ಅದಕ್ಕೆ ಒಂದು ಸಾವಿನ ಸ್ವಿಚ್ ಇಟ್ಟಿದ್ದೇವೆ. ಲ್ಯಾಬಿನಲ್ಲಿ ನಾವು ಕೊಡುವ ಒಂದು ಆಹಾರ ತಪ್ಪಿದರೆ ಅದು ತಾನೇ ಸಾಯುತ್ತದೆ. ಆ ಭಾಗ ಪೂರ್ತಿ ನನ್ನದು.

ಕಾಗದದ ಕೆಲಸವೇ ಪ್ರಾಣ ತಿನ್ನುತ್ತದೆ. ಪ್ರತಿಯೊಂದಕ್ಕೂ ಅರ್ಜಿ. ನಾವು ಮಾಡಿದ್ದೆಲ್ಲವನ್ನೂ ವೆಬ್‌ಸೈಟಿನ ಪುಟದಲ್ಲಿ ಬರೆಯಬೇಕು. ಗೊತ್ತುಪಡಿಸಿದ ದಿನ, ಗೊತ್ತುಪಡಿಸಿದ ಗಂಟೆಗೆ ಆ ಪುಟಕ್ಕೆ ಬೀಗ ಬೀಳುತ್ತದೆ. ಆಮೇಲೆ ಅಲ್ಪವಿರಾಮ ತಪ್ಪಿದ್ದರೂ ತಿದ್ದುವ ಹಾಗಿಲ್ಲ. ನಿನ್ನೆ ಅದೂ ಮುಗಿಯಿತು.

ಸಮ್ಮೇಳನ ಅಕ್ಟೋಬರ್ ಹನ್ನೆರಡರಿಂದ. ಮನೆಯವರೂ ಬರಬಹುದಂತೆ. ನಿನಗೆ ಎರಡು ದಿನದ ದಾರಿ, ಬಾನಿಯನ್ನು ನೋಡಿಕೊಳ್ಳುವವರು ಯಾರೂ ಇಲ್ಲ, ಅಲ್ಲಿ ಎಲ್ಲರೂ ಭಾಷಣ ಮಾಡುವವರೇ, ನಿನಗೆ ಬೇಜಾರಾಗಬಹುದು. ಬರಲೇಬೇಕು ಅಂತೇನಿಲ್ಲ. ಹೇಳಬೇಕಿತ್ತು, ಹೇಳಿದೆ.

ತರಲೆ


ಸೆಪ್ಟೆಂಬರ್ ೬

ಮಗಳೇ,

ನಿನ್ನ ಕಾಗದವನ್ನು ಹೊಲಿಗೆಯಕ್ಕನಿಗೆ ಓದಿ ಹೇಳಿದೆ. ಪಕ್ಕದ ಮನೆಯವಳಲ್ಲವೇ, ನೀನು ಗೆದ್ದರೆ ಅವಳ ಹೊಲಿಗೆ ಮಷೀನಿಗೂ ಖುಷಿ. "ಬರಲೇಬೇಕು ಅಂತೇನಿಲ್ಲ" ಅನ್ನುವ ಸಾಲನ್ನು ಎರಡು ಸಲ ಓದಿಸಿದಳು. "ಹೆಣ್ಮಕ್ಳು ಹಾಗೆ ಬರೆದ್ರೆ ಬರ್ಲೇಬೇಕು ಅಂತ ಅರ್ಥ. ನಿಮಗೇನ್ ತಿಳಿಯುತ್ತೆ, ಹೊರಡಿ" ಅಂದಳು. ಬಾನಿಯನ್ನು ತಾನೇ ನೋಡಿಕೊಳ್ಳುತ್ತಾಳಂತೆ.

ಅವಳಿಗೆ ಒಂದು ಚೀಟಿ ಬರೆದಿಟ್ಟಿದ್ದೇನೆ. ಬೆಳಗ್ಗೆ ಒಂದು ಸಲ ಕೋಲಿನಿಂದ ನಿಧಾನ ತಿರುಗಿಸು, ಗುಳ್ಳೆ ಏಳಬಾರದು. ಮುಚ್ಚಳದ ಮೇಲೆ ಕಂಬಳಿ ಹೊದಿಸು. ಹಸಿದರೆ ಒಂದು ಹಿಡಿ ತೌಡು. ಇಷ್ಟೇ.

ಅಂದರೆ ಬರುತ್ತಿದ್ದೇನೆ. ಹೊಸ ಶರ್ಟು ಹೊಲಿಯುತ್ತಿದ್ದಾಳೆ, ಬಿಳಿಯದು. ಬಣ್ಣದವನಿಗೆ ಬಿಳಿ ಶರ್ಟು ಯಾಕೆ ಅಂದರೆ ಕೇಳುವುದಿಲ್ಲ. ಉಗುರಿನ ನೀಲಿ ಹೋಗಲಿ ಅಂತ ಮೂರು ದಿನದಿಂದ ಹುಳಿ ಹಚ್ಚಿ ಉಜ್ಜುತ್ತಿದ್ದೇನೆ. ಮೂವತ್ತು ವರ್ಷದ್ದು ಮೂರು ದಿನಕ್ಕೆ ಹೋಗುತ್ತದೆಯೇ?

ನಿನಗೆ ನಾಚಿಕೆ ಆಗದ ಹಾಗೆ ಹಿಂದೆ ನಿಂತಿರುತ್ತೇನೆ. ಭಾಷಣ ನನಗೆ ಕೇಳಿಸುವುದಿಲ್ಲ, ಹಾಗಾಗಿ ಬೇಜಾರೂ ಆಗುವುದಿಲ್ಲ.

ಅಪ್ಪ


ಅಕ್ಟೋಬರ್ ೧೮

ಅಪ್ಪಾ,

ಎಲ್ಲಿಗೆ ಹೋದೆ? ಹನ್ನೆರಡನೇ ತಾರೀಕು ಮಧ್ಯಾಹ್ನ ನಮ್ಮ ಯೋಜನೆಯ ಬೋರ್ಡಿನಿಂದ ಸ್ವಲ್ಪ ದೂರದಲ್ಲಿ, ಕಂಬದ ಪಕ್ಕ ನೀನು ನಿಂತಿದ್ದೆ. ನಾನು ಕೈ ಬೀಸಿದೆ. ತೀರ್ಪುಗಾರರು ಸುತ್ತ ನಿಂತಿದ್ದರು, ಪ್ರಶ್ನೆ ಮೇಲೆ ಪ್ರಶ್ನೆ. ತಿರುಗಿ ನೋಡಿದರೆ ನೀನಿಲ್ಲ. ಊಟದ ಹಾಲ್, ಹೊರಗಿನ ಮೆಟ್ಟಿಲು ಎಲ್ಲ ಹುಡುಕಿದೆ. ನೀನು ಇಳಿದುಕೊಂಡಿದ್ದ ರೂಮಿಗೆ ಹೋದರೆ ನೀನು ಚೀಲ ಎತ್ತಿಕೊಂಡು ಹೋದೆ ಎಂದು ಕೌಂಟರಿನವಳು ಹೇಳಿದಳು. ಎರಡು ದಿನ ದಾರಿ ಸವೆಸಿ ಎರಡೇ ಗಂಟೆ ಇದ್ದು ಹೋಗುವವರು ಯಾರಾದರೂ ಇದ್ದಾರಾ?

ನಮಗೆ ಚಿನ್ನದ ಪದಕ ಬಂತು. ಎಲ್ಲರ ಮನೆಯವರೂ ಇರುವ ಫೋಟೋ ಇದೆ. ನನ್ನ ಪಕ್ಕ ಕ್ಯಾಪ್ಟನ್‌ನ ತಾಯಿ ನಿಂತಿದ್ದಾರೆ, ಪಾಪ, ಜಾಗ ಖಾಲಿ ಕಾಣಬಾರದು ಅಂತ.

ಕೋಪವಿಲ್ಲ. ಮೈ ಹುಷಾರಿರಲಿಲ್ಲವಾ? ಬರಿ.

ತರಲೆ


ಅಕ್ಟೋಬರ್ ೨೯

ಮಗಳೇ,

ಪದಕದ ವಿಷಯ ತಿಳಿದು ಸಂತೋಷವಾಯಿತು. ಮೈ ಹುಷಾರಾಗಿದೆ. ಬಸ್ಸು ಬೇಗ ಸಿಕ್ಕಿತು, ಬಂದುಬಿಟ್ಟೆ.

ದೊಡ್ಡೋಳ ಮೈ ಸರಿಯಿಲ್ಲ. ಬಾಗಿಲು ತೆಗೆದಾಗಲೇ ವಾಸನೆ ಬದಲಾಗಿತ್ತು, ಹುಳಿ. ಹೂ ಇಲ್ಲ. ಕೋಲು ಹಾಕಿದರೆ ನೀರು ಬೂದು ಬಣ್ಣಕ್ಕಿದೆ. ಹೊಲಿಗೆಯಕ್ಕ ಚೀಟಿಯಲ್ಲಿದ್ದ ಹಾಗೆಯೇ ಮಾಡಿದ್ದಾಳೆ, ಒಂದು ಬಿಟ್ಟು. ಹಸಿದರೆ ಅಂತ ಬರೆದಿದ್ದೆ. ಹಸಿವು ಹೇಗೆ ತಿಳಿಯುತ್ತದೆ ಅಂತ ಬರೆದಿರಲಿಲ್ಲ. ನಿಮ್ಮಮ್ಮ ಬೆರಳು ಅದ್ದಿ ನಾಲಗೆಗೆ ಮುಟ್ಟಿಸಿಕೊಂಡು ಹೇಳುತ್ತಿದ್ದಳು, ನಾನೂ ಹಾಗೇ ಕಲಿತೆ, ಬರೆಯುವ ವಿಷಯ ಅನ್ನಿಸಲೇ ಇಲ್ಲ. ಅಕ್ಕ ಎರಡು ಹೊತ್ತೂ ಹಾಕಿದ್ದಾಳೆ. "ಗಂಡಸಿನ ಕೈ ಊಟ ಉಂಡು ಸೊರಗಿದಾಳೇನೋ ಅನ್ನಿಸ್ತು, ಪಾಪ ಅಂತ ಎರಡೆರಡು ಹಿಡಿ ಹಾಕ್ದೆ" ಅನ್ನುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅತಿಯಾದರೆ ಅಮೃತವೂ ವಿಷ. ಅವಳಿಗೆ ಏನೆಂದು ಬಯ್ಯಲಿ?

ಸುಣ್ಣ ಹಾಕಿದ್ದೇನೆ. ಸುತ್ತ ಹೊಟ್ಟು ತುಂಬಿ ಬೆಚ್ಚಗಿಟ್ಟಿದ್ದೇನೆ. ನೋಡೋಣ.

ಅಪ್ಪ


ನವೆಂಬರ್ ೭

ಅಪ್ಪಾ,

ಗಾಬರಿಯಾಗಬೇಡ. ನಮ್ಮ ಹತ್ತಿರ ಅರ್ಧ ಬಾಟಲಿ ಇದೆ, ಮರೆತೆಯಾ? ಬಾನಿ ಚೇತರಿಸಿಕೊಳ್ಳದಿದ್ದರೆ ಹೊಸದೊಂದು ಹಾಕು, ಆ ಕೊಳವೆಗಳನ್ನು ಐಸಿನ ಪೆಟ್ಟಿಗೆಯಲ್ಲಿಟ್ಟುಕೊಂಡು ನಾನೇ ಬರುತ್ತೇನೆ. ನೂರು ವರ್ಷ ಇರುತ್ತದೆ ಅಂದಿದ್ದೆನಲ್ಲ. ದೊಡ್ಡೋಳು ಎಲ್ಲಿಗೂ ಹೋಗುವುದಿಲ್ಲ.

ಪರೀಕ್ಷೆಯ ಗಡಿಬಿಡಿಯಲ್ಲಿ ಲ್ಯಾಬಿಗೆ ಹೋಗಿ ಮೂರು ವಾರವಾಯಿತು. ಸೋಮವಾರ ಹೋಗಿ ತೆಗೆದುಕೊಳ್ಳುತ್ತೇನೆ. ಆ ವಾರವೇ ಹೊರಡುತ್ತೇನೆ.

ತರಲೆ


ನವೆಂಬರ್ ೩೦

ಮಗಳೇ,

ಸೋಮವಾರ ಎಂದೆ. ಮೂರು ಸೋಮವಾರ ಕಳೆದವು. ನೀನೂ ಬರಲಿಲ್ಲ, ಕಾಗದವೂ ಬರಲಿಲ್ಲ. ಬೀದಿಯ ತಿರುವಿನಲ್ಲಿ ಬಸ್ಸು ನಿಂತಾಗಲೆಲ್ಲ ಬಾಗಿಲಿಗೆ ಬಂದು ನೋಡಿದ್ದೇನೆ.

ಬಾನಿ ಹೋಯಿತು. ಹದಿನಾರನೆಯ ತಾರೀಕು ಮುಚ್ಚಳ ತೆಗೆದಾಗ ನನಗೆ ತಿಳಿಯಿತು. ಖಾಲಿ ಮಾಡಲು ಮನಸ್ಸು ಬಾರದೆ ಮುಚ್ಚಿಟ್ಟಿದ್ದೇನೆ. ಪಕ್ಕದಲ್ಲಿ ಹೊಸ ಬಾನಿಗೆ ಬೂದಿನೀರು, ನೀಲಿ ಹಾಕಿ ಕಾಯುತ್ತಿದ್ದೇನೆ. ನಿನ್ನ ಹತ್ತಿರ ಇರುವ ಅರ್ಧ ಬಾಟಲಿಯನ್ನು ಇದಕ್ಕೆ ಸುರಿದರೆ ಅವಳೇ ಎದ್ದು ಬರುತ್ತಾಳೆ ಎಂಬ ಒಂದೇ ಆಸೆ.

ಬರೆಯಬಾರದು ಅಂದುಕೊಂಡಿದ್ದನ್ನು ಈಗ ಬರೆಯುತ್ತೇನೆ. ಒಳಗಿಟ್ಟುಕೊಂಡರೆ ಅದೂ ಹುಳಿಯಾಗುತ್ತದೆ.

ನಿಮ್ಮ ಸಮ್ಮೇಳನ ನನಗೆ ಇಷ್ಟವಾಗಿತ್ತು. ಅಷ್ಟು ದೊಡ್ಡ ಹಾಲ್, ತಂಡಕ್ಕೊಂದು ಬಣ್ಣದ ಅಂಗಿ ಹಾಕಿಕೊಂಡ ಮಕ್ಕಳು. ಪ್ಲಾಸ್ಟಿಕ್ ತಿನ್ನುವ ಜೀವಾಣು ಮಾಡಿದ ಒಬ್ಬ ಹುಡುಗಿ, ನನಗೆ ಕಿವಿ ಕೇಳಿಸದು ಎಂದು ತಿಳಿದ ಮೇಲೆ, ಇಡೀ ಯೋಜನೆಯನ್ನು ಚಿತ್ರ ಬರೆದು ತೋರಿಸಿದಳು. ಇನ್ನೊಬ್ಬ ನನ್ನ ಕೈ ನೋಡಿ, "ನೀವು ಯಾವ ಟೀಮು?" ಅಂದ. ನಾನು ಎದೆಯುಬ್ಬಿಸಿ ನಿನ್ನ ಬೋರ್ಡು ತೋರಿಸಿದೆ.

ಆಮೇಲೆ ನಿನ್ನ ಬೋರ್ಡಿನ ಹತ್ತಿರ ಬಂದೆ. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಇತ್ತು: ಮೂಲ: ತ್ಯಾಜ್ಯ ನೀರು. ಬೇರೆ ಯಾವುದೋ ನೀರಿನ ವಿಷಯ ಇರಬೇಕು ಅಂದುಕೊಂಡೆ, ನಿನ್ನಾಣೆ. ಅಷ್ಟರಲ್ಲಿ ತೀರ್ಪುಗಾರ್ತಿಯೊಬ್ಬರು ಅಲ್ಲಿಗೇ ಬೆರಳಿಟ್ಟು ನಿನ್ನನ್ನು ಏನೋ ಕೇಳಿದರು. ನೀನು ಹೇಳಿದೆ: "ಯಾರದೋ ಬಣ್ಣದಂಗಡಿದು, ಚರಂಡಿಗೆ ಬಿಡೋ ನೀರು."

ನೀನು ನನ್ನ ಕಡೆ ನೋಡಿದ್ದೆ. ಕೈ ಬೀಸಿದ್ದೆ. ಆಮೇಲೆ ಹಾಗೆ ಹೇಳಿದೆ. ನನಗೆ ಕೇಳಿಸುವುದಿಲ್ಲ ಎಂಬ ಧೈರ್ಯದಿಂದಲೇ ಹೇಳಿದೆ, ಅಲ್ಲವೇ? ಮರುಳೇ, ನೀನು ಮಾತು ಕಲಿತದ್ದೇ ನನಗೆ ಕಾಣುವ ಹಾಗೆ. ಒಂದೊಂದಕ್ಷರಕ್ಕೂ ತುಟಿ ಬಿಡಿಸಿ ಮಾತಾಡಲು ನಿಮ್ಮಮ್ಮ ನಿನಗೆ ತೊಡೆಯ ಮೇಲೆ ಕೂರಿಸಿಕೊಂಡು ಕಲಿಸಿದಳು, ನಿಮ್ಮಪ್ಪನಿಗೆ ತಿಳೀಲಿ ಅಂತ. ಬೇರೆಯವರ ಮಾತು ನನಗೆ ಅರ್ಧ ತಪ್ಪುತ್ತದೆ. ನಿನ್ನದು ಹಾಲಿನ ಆಚೆ ತುದಿಯಿಂದಲೂ ತಪ್ಪುವುದಿಲ್ಲ.

ಕೈಯನ್ನು ಜೇಬಿಗೆ ಹಾಕಿಕೊಂಡು ಹೊರಗೆ ಬಂದೆ.

ಇದಕ್ಕೆ ಉತ್ತರ ಬರೆಯದಿದ್ದರೂ ಪರವಾಗಿಲ್ಲ. ಬಾಟಲಿ ಕಳಿಸು.

ಅಪ್ಪ


ಡಿಸೆಂಬರ್ ೧೪

ಅಪ್ಪಾ,

ಈ ಕಾಗದವನ್ನು ನಾಲ್ಕು ಸಲ ಹರಿದೆ. ಇದನ್ನು ಹರಿಯುವುದಿಲ್ಲ.

ಬಾಟಲಿ ಇಲ್ಲ.

ಸೋಮವಾರ ಲ್ಯಾಬಿಗೆ ಹೋದೆ. ಪೆಟ್ಟಿಗೆಯ ಮೂರನೇ ಅರೆಯಲ್ಲಿ ಆ ಕೊಳವೆಗಳಿದ್ದ ನಮ್ಮ ಡಬ್ಬ ಇರಲಿಲ್ಲ. ಪ್ರತಿವರ್ಷ ಸಮ್ಮೇಳನ ಮುಗಿದ ಮೇಲೆ ಮುಂದಿನ ತಂಡಕ್ಕೆ ಜಾಗ ಮಾಡಿಕೊಡಬೇಕು. ಕ್ಯಾಪ್ಟನ್ ಪಟ್ಟಿ ಹಿಡಿದುಕೊಂಡು ಒಂದೊಂದೇ ಡಬ್ಬ ನೋಡಿದ್ದಾನೆ. ನಾವು ತಯಾರಿಸಿದವು ಉಳಿಯಬೇಕು, ತ್ಯಾಜ್ಯ ಎಂದು ಬರೆದದ್ದೆಲ್ಲ ಬೇಯಿಸಿ ಕೊಲ್ಲುವ ಆವಿಯ ಯಂತ್ರಕ್ಕೆ ಹೋಗಬೇಕು. ನಮ್ಮ ಡಬ್ಬದ ಮೇಲೆ ಅದೇ ಬರೆದಿತ್ತು, ನನ್ನದೇ ಅಕ್ಷರದಲ್ಲಿ. ಅವನು ನನ್ನೆದುರು ಪಟ್ಟಿ ಹಿಡಿದು, "ನೀನೇ ಬರೆದಿದ್ದು, ನಾನು ಓದಿದ್ದು. ನಿಮ್ಮ ಮನೆದು ಉಳಿದಿರೋದು ಅದರಲ್ಲೇ ಅಂತ ಒಂದು ಮಾತು ಹೇಳಬಾರ್ದಿತ್ತಾ?" ಅಂದ. ಅವನ ಮೈಮೇಲೆ ನಿನ್ನ ಶಾಲಿತ್ತು. ನವೆಂಬರ್ ಮೂರರಂದು ಬೇಯಿಸಿ ಚೆಲ್ಲಿದ್ದಾರೆ. ನಾನು ನಿನಗೆ ದೊಡ್ಡೋಳು ಎಲ್ಲಿಗೂ ಹೋಗುವುದಿಲ್ಲ ಎಂದು ಬರೆದಾಗ ಅವಳು ಹೋಗಿ ನಾಲ್ಕು ದಿನವಾಗಿತ್ತು.

ಯಾಕೆ ಹಾಗೆ ಬರೆದೆ ಎಂದು ಹೇಳುತ್ತೇನೆ. ಕಾರಣ ದೊಡ್ಡದಾಗಿದ್ದರೆ ಚೆನ್ನಾಗಿತ್ತು, ಆದರೆ ಬಹಳ ಸಣ್ಣದು. ಇನ್ನೊಬ್ಬರ ಸ್ವತ್ತಿನಿಂದ ಮಾದರಿ ತಂದರೆ ಅವರ ಸಹಿ ಇರುವ ಒಪ್ಪಿಗೆ ಪತ್ರ ಬೇಕು. ಅದನ್ನು ಸಮಿತಿ ನೋಡಿ ಹೂಂ ಅನ್ನಲು ಹದಿನೈದು ದಿನ. ನಾನು ಮರೆತಿದ್ದೆ. ನೆನಪಾದಾಗ ಪುಟಕ್ಕೆ ಬೀಗ ಬೀಳಲು ಆರು ದಿನ ಉಳಿದಿತ್ತು. ತ್ಯಾಜ್ಯ ನೀರಿಗೆ ಮಾತ್ರ ಯಾರ ಒಪ್ಪಿಗೆಯೂ ಬೇಕಿಲ್ಲ. ಒಂದು ಪದ ತಾನೇ ಅಂದುಕೊಂಡು ಪುಟದಲ್ಲಿ ಬರೆದೆ. ಆಮೇಲೆ ಎಲ್ಲ ಕಡೆ ಒಂದೇ ಥರ ಇರಬೇಕು ಅಂತ ಬೋರ್ಡಿಗೂ ಬರೆದೆ, ಡಬ್ಬದ ಚೀಟಿ ಕಿತ್ತು ಹೊಸದು ಅಂಟಿಸಿದೆ. ಕಿತ್ತ ಚೀಟಿಯಲ್ಲಿ ನೀನು ಹೇಳಿದ ಹಾಗೆ 'ನಮ್ಮ ಮನೆಯದು' ಅಂತಲೇ ಇತ್ತು, ಅಪ್ಪಾ.

ಹೌದು, ನಿನಗೆ ಕೇಳಿಸುವುದಿಲ್ಲ ಅಂದುಕೊಂಡೇ ಹೇಳಿದೆ. ನಮ್ಮಪ್ಪನದು ಅಂದರೆ ಒಪ್ಪಿಗೆ ಪತ್ರ ಎಲ್ಲಿ ಎಂದು ಕೇಳುತ್ತಿದ್ದರು. ಪದಕ ಕೈತಪ್ಪುತ್ತದೆ ಅನ್ನಿಸಿತು. ಆ ಒಂದು ಕ್ಷಣಕ್ಕೆ ನಿನ್ನನ್ನು ಯಾರೋ ಮಾಡಿದೆ. ನಿನ್ನನ್ನು ಬರಲೇಬೇಕೆಂದು ಕರೆಯದಿದ್ದುದೂ ಅದಕ್ಕೇ. ಬೋರ್ಡು ಓದುತ್ತೀಯ ಎಂದು ಹೆದರಿದ್ದೆ.

ಆ ಜೀವಿಗಳನ್ನು ಬೇರೆಯಾಗಿ ಬೆಳೆಸಿಟ್ಟಿದ್ದೀರಾ ಎಂದು ಮೇಡಂ ಕೇಳಿದರು. ಇಲ್ಲ. ಬೇಕಾದ ಒಂದು ಜೀನ್ ತೆಗೆದುಕೊಂಡೆವು, ಉಳಿದದ್ದು ಯಾರಿಗೂ ಬೇಕಾಗಿರಲಿಲ್ಲ. ಆ ಜೀನ್ ಇರುವ ನಮ್ಮ ಜೀವಾಣು ಇದೆ. ಅದನ್ನಾದರೂ ತರಲೇ ಎಂದು ಒಂದಿಡೀ ದಿನ ಯೋಚಿಸಿದೆ. ತಂದರೆ ನಿನ್ನ ಬಾನಿಯಲ್ಲಿ ಒಂದು ಗಂಟೆಯೂ ಬದುಕುವುದಿಲ್ಲ. ಸಾವಿನ ಸ್ವಿಚ್ ಇಟ್ಟವಳು ನಾನೇ.

ಪುಟದಲ್ಲಿ ಆ ಪದ ತಿದ್ದಿ ಎಂದು ಸಮ್ಮೇಳನದವರಿಗೆ ಎಲ್ಲವನ್ನೂ ಒಪ್ಪಿಕೊಂಡು ಬರೆದೆ. ಪದಕವನ್ನೂ ಹಿಂದೆ ಕಳಿಸುತ್ತೇನೆ ಅಂದೆ. ಪದಕ ತೆಗೆದುಕೊಂಡರು. ಪುಟ ಮಾತ್ರ ತೆರೆಯುವ ಹಾಗಿಲ್ಲವಂತೆ, ಕೆಳಗೆ ಒಂದು ಟಿಪ್ಪಣಿ ಅಂಟಿಸುತ್ತಾರಂತೆ. ಟೀಮಿನ ಏಳು ಜನರಲ್ಲಿ ಮೂರು ಜನ ನನ್ನೊಡನೆ ಮಾತು ಬಿಟ್ಟಿದ್ದಾರೆ. ಅವರ ತಪ್ಪಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅಮ್ಮ ಹೇಳುತ್ತಿದ್ದಳು. ಕೆಟ್ಟ ಮೇಲೆ ಬುದ್ಧಿ ಬಂದವಳಿಗೆ ಗಾದೆ ನೆನಪಾಗಿ ಏನು ಪ್ರಯೋಜನ?

ಮನೆಗೆ ಬರಲು ಮುಖವಿಲ್ಲ. ನೀನು ಬಾ ಅಂದರೆ ಬರುತ್ತೇನೆ.

ಚಿಕ್ಕೋಳು


ಜನವರಿ ೧೯

ಮಗಳೇ,

ತಡವಾಯಿತು. ಕ್ಷಮಿಸಿದ್ದೇನೆ ಎಂದು ಬರೆಯಲು ಮೂರು ಸಲ ಕುಳಿತೆ. ಕೈ ಓಡಲಿಲ್ಲ. ಸುಳ್ಳು ಬರೆಯಬಾರದೆಂದು ಎದ್ದು ಹೋದೆ. ಸಿಟ್ಟು ಇದೆ. ನಿನ್ನ ಮೇಲಿನ ಸಿಟ್ಟಿನಲ್ಲಿ ಎರಡು ದಿನ ಒಲೆ ಹಚ್ಚಲಿಲ್ಲ. ಹೊಲಿಗೆಯಕ್ಕ ತಟ್ಟೆ ತಂದಿಟ್ಟು, "ಆ ಮಗೂಗೆ ಬಯ್ಯೋದಾದ್ರೆ ಮೊದ್ಲು ನನಗೆ ಬಯ್ಯಿರಿ" ಎಂದು ನನ್ನೆದುರು ಕೂತಳು. ಇಬ್ಬರಿಗೂ ಬಯ್ಯಲಾರದೆ ಉಂಡೆ.

ನನ್ನ ತಪ್ಪೂ ಇದೆ. ಹಸಿವು ತಿಳಿಯುವುದು ಹೇಗೆಂದು ಚೀಟಿಯಲ್ಲಿ ಒಂದು ಸಾಲು ಬರೆದಿದ್ದರೆ ಸಾಕಿತ್ತು. ನಾಲಗೆ ತುದಿಗೆ ಚುರುಗುಟ್ಟಿದರೆ ಹೊಟ್ಟೆ ತುಂಬಿಲ್ಲ, ಹುಳಿ ಹತ್ತಿದರೆ ಸಾಕಾಗಿದೆ. ಇಷ್ಟೇ. ನಿನಗೂ ಹೇಳಿಕೊಡಲಿಲ್ಲ, ಓದುವ ಹುಡುಗಿಗೆ ಯಾಕೆ ಅಂತ. ನಿಮ್ಮಮ್ಮ ಕೇಳಿದರೆ ಏನು ಹೇಳಲಿ ಎಂದು ನೀನೊಬ್ಬಳೇ ಯೋಚಿಸಬೇಕಾಗಿಲ್ಲ.

ಹೊಸ ಬಾನಿ ಇಪ್ಪತ್ತೇಳನೆಯ ದಿನ ಹೂ ಬಿಟ್ಟಿತು. ಗಾಳಿಯಿಂದಲೋ ತೌಡಿನಿಂದಲೋ ಏನೋ ಬಂದು ಸೇರಿಕೊಂಡಿದೆ. ನೀಲಿ ಏಳುತ್ತದೆ, ಗಿರಾಕಿಗಳಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಬೆರಳು ಅದ್ದಿ ರುಚಿ ನೋಡಿದರೆ ನನಗೆ ತಿಳಿಯುತ್ತದೆ. ಒಳ್ಳೆಯವಳೇ. ಆದರೆ ನಮ್ಮವಳಲ್ಲ. ಇನ್ನೂ ಹೆಸರಿಟ್ಟಿಲ್ಲ.

ಹಳೆಯ ಬಾನಿಯನ್ನು ನಾನೇ ಖಾಲಿ ಮಾಡಿದೆ. ಎಲ್ಲಿಗೆ ಸುರಿಯಲಿ ಎಂದು ಬಕೆಟ್ ಹಿಡಿದು ಬಹಳ ಹೊತ್ತು ನಿಂತಿದ್ದೆ. ಚರಂಡಿಗೆ ಮಾತ್ರ ಸುರಿಯಲಿಲ್ಲ. ಹಿತ್ತಿಲಿನ ಗಿಡದ ಬುಡಕ್ಕೆ ಸ್ವಲ್ಪ ಸ್ವಲ್ಪವೇ ಹಾಕಿದೆ.

ಒಪ್ಪಿಗೆ ಪತ್ರ ಎಂದು ಬರೆದಿದ್ದೆಯಲ್ಲ, ಅದು ಹೇಗಿರುತ್ತದೆ? ಹದಿನೈದು ದಿನ ಕಾಯಬೇಕಾಗುತ್ತಿತ್ತು ಅಂದೆ. ನನಗೆ ಈಗ ಪುರುಸೊತ್ತಿದೆ. ಒಂದು ಕಳಿಸು.

ಅಪ್ಪ


ಜನವರಿ ೨೯

ಅಪ್ಪಾ,

ಅರ್ಜಿ ಜೊತೆಗಿದೆ. ಏನೂ ತುಂಬಿಲ್ಲ. ಇದರಿಂದ ಈಗ ಏನೂ ಆಗುವುದಿಲ್ಲ ಎಂದು ಮೇಡಂ ಹೇಳಿದರು. ಆದರೂ ನೀನು ತುಂಬಿ ಕಳಿಸಿದರೆ ಆ ಟಿಪ್ಪಣಿಯ ಜೊತೆ ಸೇರಿಸುತ್ತಾರಂತೆ.

ನೀನು ಬಾ ಎಂದೂ ಬರೆದಿಲ್ಲ, ಬೇಡ ಎಂದೂ ಬರೆದಿಲ್ಲ. ಕಾಯುತ್ತೇನೆ.

ಚಿಕ್ಕೋಳು


ಫೆಬ್ರವರಿ ೧೦

ಮಗಳೇ,

ತುಂಬಿದ್ದೇನೆ. ಅಂಚಿನಲ್ಲಿ ಹೆಬ್ಬೆರಳಿನ ನೀಲಿ ಹತ್ತಿದೆ, ಸಮಿತಿಯವರು ಬೇಸರಪಟ್ಟುಕೊಳ್ಳದಿರಲಿ. ತಾರೀಕು ತಪ್ಪಿದೆ ಎಂದು ತಿದ್ದಬೇಡ, ಬಾಟಲಿ ಕಳಿಸಿದ ದಿನವನ್ನು ಬೇಕೆಂದೇ ಹಾಕಿದ್ದೇನೆ.

ರಜೆಗೆ ಬಾ. ಹೊಸಬಳಿಗೆ ತೌಡು ಎಷ್ಟು ಬೇಕು ಎಂದು ನಾಲಗೆಯಲ್ಲಿ ನೋಡುವುದನ್ನು ಹೇಳಿಕೊಡಬೇಕು.

ಅಪ್ಪ


ಒಪ್ಪಿಗೆ ಪತ್ರ

ಮಾದರಿಯ ಹೆಸರು: ದೊಡ್ಡೋಳು

ಮೂಲ: ಇವಳ ತಾಯಿ ಹಾಕಿದ ನೀಲಿಯ ಬಾನಿ

ಬಗೆ, ಮಣ್ಣು / ನೀರು / ತ್ಯಾಜ್ಯ / ಇತರೆ: ಇತರೆ. ಮನೆಯವಳು

ಪ್ರಮಾಣ: ಒಂದು ಬಾಟಲಿ, ಕತ್ತಿನವರೆಗೆ

ಮಾಲೀಕರು: ಈಗಿಲ್ಲ. ಗಂಡ ಸಹಿ ಮಾಡಿದ್ದಾನೆ

ಉಳಿದ ಭಾಗವನ್ನು ಹಿಂದಿರುಗಿಸಬೇಕೇ: ಬೇಕು ಎಂದು ಬರೆದು ಹೊಡೆದುಹಾಕಿದ್ದೇನೆ

ಕೊಡಲು ಕಾರಣ: ಮಗಳು ಕೇಳಿದಳು

ದಿನಾಂಕ: ಜೂನ್ ೨೦

ಸಹಿ: ಅಪ್ಪ